ಬೇರ್‌ಫುಟ್ ಶೂ ಹಾಕಿ ಓಡಿದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಹುಬ್ಬಳ್ಳಿಯಿಂದ ಕೇಳಿದ್ದು:

ನನ್ನ ವಯಸ್ಸು 39. ಎರಡು ವರ್ಷದಿಂದ ಉಣಕಲ್ ಕೆರೆ ಕಡೆ ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಒಂದು ಸಲಕ್ಕೆ ಐದಾರು ಕಿಲೋಮೀಟರ್. ಈಗ ಇರೋದು ದಪ್ಪ ಸೋಲಿನ ರನ್ನಿಂಗ್ ಶೂ. ಓಡಿದ ಮೇಲೆ ಮಂಡಿಯ ಮುಂಭಾಗ ನೋಯುತ್ತದೆ. ಕಿರುಬೆರಳು ಒತ್ತಿ ಒತ್ತಿ ಆಣಿ ಆಗಿದೆ. ಬೇರ್‌ಫುಟ್ ಶೂ ಅಂತ ತೆಳ್ಳಗಿನವು ಬಂದಿವೆಯಲ್ಲ, ಅವನ್ನು ಹಾಕಿದರೆ ಇದೆಲ್ಲ ಹೋಗುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ಓಡೋಕೂ ಅದೇ, ಆಫೀಸಿಗೂ ಅದೇ ಹಾಕಬಹುದಾ? ನಮ್ಮ ಕಡೆಯ ರಸ್ತೆಗೆ, ಮಣ್ಣಿಗೆ ತಡೆಯುತ್ತದಾ? ದುಡ್ಡು ಹಾಕೋ ಮೊದಲು ಹಾಕಿ ನೋಡಿದವರನ್ನು ಕೇಳೋಣ ಅಂತ ಬರೆದೆ.

ಧಾರವಾಡದಿಂದ:

ಅಣ್ಣಾ, ನಾನು ಮೂರು ವರ್ಷದಿಂದ ಇಂಥ ಶೂನೇ ಹಾಕುತ್ತಿದ್ದೇನೆ. ಇಷ್ಟಪಟ್ಟು ಹಾಕುತ್ತೇನೆ, ಬಿಡೋ ಯೋಚನೆ ಇಲ್ಲ. ಆದರೆ ಮೊದಲ ವರ್ಷ ನಾನು ಮಾಡಿದ ಹಾಗೆ ನೀವು ಮಾಡಬಾರದು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಈ ಶೂ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಸೋಲ್ ತೆಳು, ಹೆಚ್ಚೂ ಕಡಿಮೆ 3ರಿಂದ 10 ಮಿಲಿಮೀಟರ್. ಹಿಮ್ಮಡಿ ಮತ್ತು ಬೆರಳ ಬುಡ ಒಂದೇ ಮಟ್ಟದಲ್ಲಿ ಇರುತ್ತವೆ, ಅದನ್ನೇ ಝೀರೋ ಡ್ರಾಪ್ ಅನ್ನೋದು. ನಿಮ್ಮ ಈಗಿನ ಶೂನಲ್ಲಿ ಹಿಮ್ಮಡಿ ಬಹುಶಃ 8ರಿಂದ 12 ಮಿಲಿಮೀಟರ್ ಮೇಲೆ ಇರುತ್ತದೆ. ಮುಂದಿನ ಭಾಗ ಅಗಲ, ಬೆರಳು ಬಿಚ್ಚಿಕೊಳ್ಳೋಕೆ ಜಾಗ ಇರುತ್ತದೆ. ಒಳ್ಳೆಯ ಬೇರ್‌ಫುಟ್ ಶೂನ ಚಪಾತಿ ಹಾಗೆ ಸುತ್ತಿ ಹಿಡಿಯಬಹುದು. ನಾನು ಮೊದಲ ಜೋಡಿಗೆ 3,200 ಕೊಟ್ಟೆ. ಅವ್ವ ಅದನ್ನು ಕೈಯಲ್ಲಿ ಹಿಡಿದು ಮಡಚಿ ನೋಡಿ, "ಇಷ್ಟ್ ತೆಳ್ಳಗ ಇದ್ದದ್ದಕ್ಕ ಅಷ್ಟ್ಯಾಕ ರೊಕ್ಕ ಕೊಟ್ಟಿ?" ಅಂದಿದ್ದಳು. ವೈಬ್ರಮ್, ವಿವೋಬೇರ್‌ಫುಟ್, ಝೀರೋ ಶೂಸ್ ಥರದ ಹೊರದೇಶದ ಜೋಡಿಗಳು ಇನ್ನೂ ಬಹಳ ದುಬಾರಿ. ಅವುಗಳಿಂದ ಶುರು ಮಾಡೋ ಅಗತ್ಯ ಇಲ್ಲ.

ಹಾಕಿದ ಮೊದಲ ದಿನ ನನಗೆ ಆದ ಖುಷಿ ಈಗಲೂ ನೆನಪಿದೆ. ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಗಿಡಗಳ ನೆರಳಿಗೆ ನಡೆಯುತ್ತಿದ್ದೆ, ಅಂಗಾಲಿಗೆ ಒಂದೊಂದು ಹರಳು, ಒಣಗಿದ ಎಲೆ, ತಂಪು ಮಣ್ಣು, ಬಿಸಿ ಡಾಂಬರು, ಎಲ್ಲಾ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಸಣ್ಣವನಿದ್ದಾಗ ಹೊಲಕ್ಕೆ ಬರಿಗಾಲಲ್ಲಿ ಓಡುತ್ತಿದ್ದೆ, ಆ ನೆಲ ವಾಪಸ್ ಸಿಕ್ಕ ಹಾಗಾಯಿತು. ಆ ಖುಷಿಯಲ್ಲೇ ತಪ್ಪು ಮಾಡಿದೆ.

ಎರಡನೇ ವಾರಕ್ಕೇ ನುಗ್ಗಿಕೇರಿ ಕಡೆ ಡಾಂಬರು ರಸ್ತೆಯಲ್ಲಿ ಎಂಟು ಕಿಲೋಮೀಟರ್ ಓಡಿದೆ. ಓಡುವಾಗ ಏನೂ ಆಗಲಿಲ್ಲ. ಮಾರನೇ ದಿನ ಮೀನಖಂಡ ಎರಡೂ ಕಲ್ಲಾಗಿದ್ದವು, ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕಾಯಿತು. ಅದು ನಾಲ್ಕು ದಿನಕ್ಕೆ ಸರಿಹೋಯಿತು. ಆಮೇಲೆ ಮತ್ತೆ ಓಡಿದೆ. ಆಗ ಪಾದದ ಮೇಲ್ಭಾಗದಲ್ಲಿ, ಎರಡನೇ ಬೆರಳಿನ ನೇರಕ್ಕೆ, ಒಂದು ಜಾಗ ಬೆರಳಿಟ್ಟು ಒತ್ತಿದರೆ ಜೀವ ಹೋಗೋ ಹಾಗೆ ನೋಯತೊಡಗಿತು. ಮೂಳೆ ಡಾಕ್ಟರ್ ನೋಡಿ, ಮೂಳೆ ಬಿರುಕು ಬಿಡೋ ಹಂತಕ್ಕೆ ಬಂದಿದೆ, ಆರು ವಾರ ಓಡಬೇಡಿ ಅಂದರು. ಆರು ವಾರ ಕೆರೆ ಕಡೆ ಹೋಗಿ ಬೇರೆಯವರು ಓಡೋದನ್ನು ನೋಡಿ ಬರುತ್ತಿದ್ದೆ. ಬಹಳ ಬೇಜಾರಿನ ದಿನಗಳು ಅವು.

ಮನೆಯಲ್ಲಿ ಕೂತು ಓದಿದಾಗ ನನ್ನೊಬ್ಬನಿಗೇ ಆಗಿದ್ದಲ್ಲ ಅಂತ ಗೊತ್ತಾಯಿತು. 2013ರಲ್ಲಿ ಅಮೆರಿಕದಲ್ಲಿ 36 ಓಟಗಾರರ ಮೇಲೆ ಒಂದು ಅಧ್ಯಯನ ಪ್ರಕಟವಾಗಿತ್ತು. ಅರ್ಧದಷ್ಟು ಜನ ಹಳೇ ಶೂನಲ್ಲೇ ಓಡಿದರು, ಉಳಿದವರು ಹತ್ತು ವಾರದಲ್ಲಿ ನಿಧಾನಕ್ಕೆ ಐದು ಬೆರಳಿನ ವೈಬ್ರಮ್ ಶೂಗೆ ಬದಲಾದರು. ಹಾಗೆ ಬದಲಾದ 19 ಜನರಲ್ಲಿ 10 ಜನರ ಪಾದದ ಮೂಳೆಯ ಒಳಗೆ ಊತ ಹೆಚ್ಚಾಗಿದ್ದು ಎಂಆರ್‌ಐನಲ್ಲಿ ಕಂಡಿತು. ಹತ್ತು ವಾರ ಕೂಡ ಸಾಲದು ಅಂತ ಅರ್ಥ. ನಾನು ಕೊಟ್ಟಿದ್ದು ಎರಡು ವಾರ. ಇನ್ನೊಂದು ವಿಷಯ, ಈ ಶೂ ಹಾಕಿದರೆ ಗಾಯ ಕಡಿಮೆ, ಕಾಲು ಗಟ್ಟಿ ಅಂತ ಹೇಳಿ ಮಾರಿದ್ದಕ್ಕೆ ವೈಬ್ರಮ್ ಮೇಲೆ ಅಲ್ಲಿ ಕೇಸು ಬಿದ್ದಿತ್ತು. 2014ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಹಾಗಾಗಿ ಡಬ್ಬಿ ಮೇಲೆ ಬರೆದಿದ್ದನ್ನೆಲ್ಲ ನಂಬಬೇಡಿ.

ಈಗ ನಿಮ್ಮ ಮಂಡಿ ವಿಷಯ. ದಪ್ಪ ಹಿಮ್ಮಡಿಯ ಶೂ ಇದ್ದಾಗ ನಾವು ಕಾಲನ್ನು ಮುಂದೆ ಚಾಚಿ ಹಿಮ್ಮಡಿ ಊರಿ ಓಡುತ್ತೇವೆ. ತೆಳು ಶೂನಲ್ಲಿ ಹಾಗೆ ಊರಿದರೆ ತಲೆವರೆಗೂ ಹೊಡೆತ ಬರುತ್ತದೆ, ಅದಕ್ಕೆ ಕಾಲು ತಾನಾಗೇ ಹತ್ತಿರ ಬೀಳುತ್ತದೆ, ಪಾದದ ಮುಂಭಾಗ ಅಥವಾ ಇಡೀ ಪಾದ ಊರುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಅವರು 2010ರಲ್ಲಿ ಬರಿಗಾಲ ಓಟಗಾರರ ಬಗ್ಗೆ ಇದನ್ನೇ ತೋರಿಸಿದ್ದು. ಇದರಿಂದ ಮಂಡಿ ಮೇಲಿನ ಭಾರ ಕಡಿಮೆ ಆಗುತ್ತದೆ, ನನಗೂ ಆಗಿದೆ. ಆದರೆ ಆ ಭಾರ ಎಲ್ಲಿಗೆ ಹೋಯಿತು ಅಂತ ಕೇಳಬೇಕಲ್ವಾ? ಮೀನಖಂಡಕ್ಕೆ, ಹಿಮ್ಮಡಿ ಹಿಂದಿನ ಅಕಿಲಿಸ್ ಸ್ನಾಯುರಜ್ಜುವಿಗೆ, ಪಾದದ ಸಣ್ಣ ಮೂಳೆಗಳಿಗೆ ಹೋಯಿತು. ಒಂದು ಪಾದದಲ್ಲಿ 26 ಮೂಳೆ ಇವೆ, ಇಷ್ಟು ವರ್ಷ ಮೆತ್ತನೆ ಹಾಸಿಗೆ ಮೇಲೆ ಮಲಗಿದ್ದವು. ಸ್ನಾಯು ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತದೆ, ಮೂಳೆಗೆ ತಿಂಗಳುಗಳೇ ಬೇಕು. ನೋವು ಇಲ್ಲ ಅಂತ ಓಡುತ್ತಾ ಹೋದರೆ ಮೂಳೆ ಹಿಂದೆ ಉಳಿದುಬಿಡುತ್ತದೆ.

ಎರಡನೇ ಸಲ ನಾನು ಶುರು ಮಾಡಿದ್ದು ಹೀಗೆ. ಎರಡು ತಿಂಗಳು ಓಡಲೇ ಇಲ್ಲ, ಬರೀ ನಡೆಯೋಕೆ, ಪೇಟೆಗೆ, ಕೆಲಸಕ್ಕೆ ಹಾಕಿದೆ. ಮನೆಯಲ್ಲಿ ಹೇಗೂ ಬರಿಗಾಲು. ದಿನಾ ಹಲ್ಲು ಉಜ್ಜುವಾಗ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ, ಮೊದಲು ಹತ್ತು ಸಲ, ಆಮೇಲೆ ಇಪ್ಪತ್ತೈದರವರೆಗೆ. ಮೂರನೇ ತಿಂಗಳಿಂದ ನನ್ನ ಮಾಮೂಲಿ ಓಟದ ಕೊನೆಯ ಐದು ನಿಮಿಷ ಮಾತ್ರ ತೆಳು ಶೂ, ಅದೂ ವಾರಕ್ಕೆ ಎರಡು ಸಲ, ಮಣ್ಣಿನ ಮೇಲೆ. ಹಳೇ ಶೂನ ಬಿಡಲಿಲ್ಲ. ಪೂರ್ತಿ ಐದು ಕಿಲೋಮೀಟರ್ ತೆಳು ಶೂನಲ್ಲಿ ಓಡೋಕೆ ಎಂಟು ತಿಂಗಳು ಹಿಡಿಯಿತು. ಈಗಲೂ ಹತ್ತು ಕಿಲೋಮೀಟರ್‌ಗಿಂತ ಜಾಸ್ತಿ ಇದ್ದರೆ ದಪ್ಪ ಸೋಲಿನ ಜೋಡಿಯೇ ಹಾಕುತ್ತೇನೆ, ಅದರಲ್ಲಿ ಮುಜುಗರ ಏನೂ ಇಲ್ಲ.

ನಮ್ಮ ಕಡೆಯ ನೆಲದ ಬಗ್ಗೆ ಕೇಳಿದಿರಿ. ಜಾಲಿ ಮುಳ್ಳು ಸೀದಾ ಒಳಗೆ ಬರುತ್ತದೆ ಅಣ್ಣಾ. ನನಗೆ ಎರಡು ಸಲ ಚುಚ್ಚಿದೆ. ಹೊಲದ ದಾರಿ, ಬೇಲಿ ಪಕ್ಕ, ಕೆರೆ ಏರಿಯ ಗಿಡಗಂಟಿ ಇರೋ ಕಡೆ ಇದನ್ನು ಹಾಕಬೇಡಿ. ಧಾರವಾಡದ ಕೆಂಪು ಮಣ್ಣು ಮಳೆ ನಿಂತ ಮೇಲೆ ಓಡೋಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ನವಲಗುಂದ ಕಡೆಯ ಎರೆ ಮಣ್ಣು ಹಸಿ ಇದ್ದಾಗ ನಾಲ್ಕು ಹೆಜ್ಜೆಗೆ ಶೂ ಕಾಣದ ಹಾಗೆ ಮೆತ್ತಿಕೊಳ್ಳುತ್ತದೆ, ಆಗ ಹಗುರ ಶೂ ಇದ್ದೂ ಒಂದೇ ಇಲ್ಲದೂ ಒಂದೇ. ಹೊಸದಾಗಿ ಕಡಿ ಹಾಕಿದ ರಸ್ತೆಯನ್ನೂ ಬಿಟ್ಟುಬಿಡಿ.

ಗದಗದಿಂದ:

ನಾನು ಓಡೋದಿಲ್ಲ, ದಿನನಿತ್ಯ ಹಾಕೋದರ ಬಗ್ಗೆ ಮಾತ್ರ ಹೇಳುತ್ತೇನೆ. ಆಸ್ಪತ್ರೆಯಲ್ಲಿ ನರ್ಸ್, ಪಾಳಿ ಪೂರ್ತಿ ನಿಂತೇ ಇರಬೇಕು. ಹೆಬ್ಬೆರಳ ಬುಡದಲ್ಲಿ ಗಂಟು ಬೆಳೆದು, ಚೂಪು ಮೂತಿಯ ಶೂನಲ್ಲಿ ಸಂಜೆಗೆ ಅಳು ಬರುತ್ತಿತ್ತು. ಅಗಲ ಮೂತಿಯ ಬೇರ್‌ಫುಟ್ ಶೂ ತಗೊಂಡು ಒಂದೂವರೆ ವರ್ಷ ಆಯಿತು. ಗಂಟು ಹಾಗೇ ಇದೆ, ಕರಗಿಲ್ಲ. ಆದರೆ ಉಜ್ಜೋದಿಲ್ಲ, ನೋವಿಲ್ಲ, ಅಷ್ಟೇ ನನಗೆ ದೊಡ್ಡದು. ಸರ್, ನಿಮ್ಮ ಕಿರುಬೆರಳಿನ ಆಣಿಗೂ ಇದೇ ಕಾರಣ ಇರಬಹುದು. ಅದಕ್ಕೆ ಬೇಕಾಗಿರೋದು ಅಗಲ ಮಾತ್ರ. ತೆಳು ಸೋಲ್ ಬೇಕೇ ಬೇಕು ಅಂತಿಲ್ಲ, ಅಗಲ ಮೂತಿ ಇರೋ ಮೆತ್ತನೆ ಶೂನೂ ಸಿಗುತ್ತವೆ.

ನನಗೆ ಕಷ್ಟ ಆಗಿದ್ದು ಇಲ್ಲಿ. ನಮ್ಮ ವಾರ್ಡಿನ ನೆಲ ಗಟ್ಟಿ ಗ್ರಾನೈಟ್. ಮೂರನೇ ತಿಂಗಳು ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿಗೆ ಸೂಜಿ ಚುಚ್ಚಿದ ಹಾಗೆ ಆಗತೊಡಗಿತು, ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಉದ್ದಕ್ಕೂ ಇರೋ ಪಟ್ಟಿಯ ನೋವು. ತೆಳು ಶೂ ಬಿಟ್ಟು ಮೂರು ತಿಂಗಳು ಮೆತ್ತನೆಯದು ಹಾಕಿದೆ, ಮೀನಖಂಡ ಎಳೆಯೋ ವ್ಯಾಯಾಮ ದಿನಾ ಮಾಡಿದೆ. ಕಡಿಮೆ ಆದ ಮೇಲೆ ದಿನಕ್ಕೆ ಎರಡು ಗಂಟೆಯಿಂದ ಮತ್ತೆ ಶುರು. ಈಗ ಅರ್ಧ ಪಾಳಿ ಅದು, ಅರ್ಧ ಪಾಳಿ ಇದು.

ಒಂದು ಮಾತು ಎಲ್ಲರಿಗೂ ಹೇಳಲೇಬೇಕು. ಶುಗರ್ ಇದ್ದು ಅಂಗಾಲಿಗೆ ಸ್ಪರ್ಶ ಸರಿಯಾಗಿ ತಿಳಿಯದವರು ಇಂಥ ಶೂ ಹಾಕಲೇಬಾರದು. ಮುಳ್ಳು ಚುಚ್ಚಿದ್ದೇ ಗೊತ್ತಾಗದೆ ಗಾಯ ಕೀವು ಆಗಿ ಬಂದವರನ್ನು ನಾನು ನೋಡಿದ್ದೇನೆ. ನಿಮಗೆ ಶುಗರ್ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಪಾದ ಪರೀಕ್ಷೆ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಿ.

ಹಾವೇರಿಯಿಂದ:

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನಮ್ಮ ಮಕ್ಕಳು ಖೋಖೋ, ಕಬಡ್ಡಿ ಎಲ್ಲಾ ಬರಿಗಾಲಲ್ಲೇ ಆಡುತ್ತಾರೆ. ಅವರ ಬೆರಳುಗಳು ಹೇಗೆ ಬಿಚ್ಚಿಕೊಂಡು ನೆಲ ಹಿಡಿಯುತ್ತವೆ ಅಂತ ನೋಡಬೇಕು, ಕಣ್ಣಿಗೆ ಹಬ್ಬ. ನಮ್ಮ ಕರಾವಳಿಯ ಇಬ್ಬರು ಮೂಳೆ ವೈದ್ಯರು 2,300 ಮಕ್ಕಳ ಪಾದ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ್ದರು. ಚಪ್ಪಲಿ, ಶೂ ಹಾಕೋ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ, ಬರಿಗಾಲ ಮಕ್ಕಳಲ್ಲಿ 2.8 ಮಾತ್ರ. ಮುಚ್ಚಿದ ಶೂ ಹಾಕೋರಲ್ಲೇ ಅದು ಜಾಸ್ತಿ ಇತ್ತು. ಹಾಗಾಗಿ ಮಕ್ಕಳಿಗೆ ಎರಡು ವರ್ಷದಿಂದಲೇ ಬಿಗಿ ಶೂ ಹಾಕೋದು ನನಗೆ ಸರಿ ಕಾಣುವುದಿಲ್ಲ.

ಆದರೆ ನಲವತ್ತರ ಹತ್ತಿರ ಇರೋರ ಲೆಕ್ಕ ಬೇರೆ. ಇಥಿಯೋಪಿಯಾದ ಓಟಗಾರ ಅಬೇಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದಿದ್ದನ್ನು ಎಲ್ಲರೂ ಹೇಳುತ್ತಾರೆ. ಅವರೇ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಇನ್ನೂ ಬೇಗ ಓಡಿ ಮತ್ತೆ ಗೆದ್ದರು, ಅದನ್ನೂ ಹೇಳಬೇಕು.

ದುಡ್ಡು ಹಾಕೋ ಮೊದಲು ಸುಮ್ನೆ ಒಂದು ಕೆಲಸ ಮಾಡಿ ಸರ್. ಕಲ್ಲು ಮುಳ್ಳು ಇಲ್ಲದ ಮೈದಾನದಲ್ಲಿ ಬರಿಗಾಲಲ್ಲಿ ಇನ್ನೂರು ಮೀಟರ್ ನಿಧಾನಕ್ಕೆ ಓಡಿ. ಹೆಜ್ಜೆ ಸಪ್ಪಳ ಬರಬಾರದು. ಹೆಜ್ಜೆ ಹೇಗೆ ಇಡಬೇಕು ಅಂತ ಕಾಲೇ ಹೇಳಿಕೊಡುತ್ತದೆ. ಮನೆಯಲ್ಲಿ ಹಗ್ಗ ಜಿಗಿಯಿರಿ, ಮೀನಖಂಡಕ್ಕೆ ಅದಕ್ಕಿಂತ ಒಳ್ಳೆಯ ತಯಾರಿ ನಾನು ಕಂಡಿಲ್ಲ. ಮಕ್ಕಳ ಪಿಟಿ ಶೂ ಇರುತ್ತಲ್ಲ, ಕ್ಯಾನ್ವಾಸಿನದು, ಒಂದು ಸೈಜ್ ದೊಡ್ಡದು ತಗೊಂಡು ನಡೆದು ನೋಡಬಹುದು. ಮೂತಿ ಅಷ್ಟು ಅಗಲ ಇರೋದಿಲ್ಲ, ಆದರೆ ತೆಳು ಸೋಲ್ ನಿಮಗೆ ಹಿಡಿಸುತ್ತದೋ ಇಲ್ಲವೋ ಕಡಿಮೆ ಖರ್ಚಿನಲ್ಲೇ ಗೊತ್ತಾಗುತ್ತದೆ.

ಹುಬ್ಬಳ್ಳಿಯಿಂದ:

ಎಲ್ಲರಿಗೂ ಬಹಳ ಧನ್ಯವಾದ. ಅಕ್ಕಾ, ಶುಗರ್ ಇಲ್ಲ, ಹೋದ ತಿಂಗಳೇ ನೋಡಿಸಿದ್ದೆ. ಮಂಡಿ ನೋವು ಇರುವಾಗಲೇ ಶುರು ಮಾಡಬಹುದಾ, ವಾಸಿ ಆಗಲಿ ಅಂತ ಕಾಯಬೇಕಾ? ಸೈಜ್ ಹೇಗೆ ನೋಡೋದು?

ಧಾರವಾಡದಿಂದ:

ಮಂಡಿಯನ್ನು ಒಮ್ಮೆ ಫಿಸಿಯೋ ಹತ್ತಿರ ತೋರಿಸಿಬಿಡಿ ಅಣ್ಣಾ. ಅಲ್ಲಿವರೆಗೆ ಹಳೇ ಶೂನಲ್ಲೇ ಹೆಜ್ಜೆ ಚಿಕ್ಕದು ಮಾಡಿ ಓಡಿ ನೋಡಿ. ಒಂದು ನಿಮಿಷಕ್ಕೆ ಎರಡೂ ಕಾಲು ಸೇರಿ 170ರ ಹತ್ತಿರ ಹೆಜ್ಜೆ ಬಂದರೆ ಸಾಕು. ನನ್ನ ಜೊತೆ ಓಡೋ ಇಬ್ಬರಿಗೆ ಶೂ ಬದಲಿಸದೆ ಇಷ್ಟರಲ್ಲೇ ಮಂಡಿ ನೋವು ಕಡಿಮೆ ಆಗಿದೆ.

ಸೈಜಿಗೆ, ಸಂಜೆ ಹೊತ್ತು ಹಾಳೆ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆಗಿಂತ ಸಂಜೆ ಪಾದ ಸ್ವಲ್ಪ ಉಬ್ಬಿರುತ್ತದೆ. ಎರಡೂ ಕಾಲಿಗೆ ಮಾಡಿ, ಒಂದು ದೊಡ್ಡದಿರಬಹುದು. ಶೂ ಒಳಗಿನ ಹಾಸು ತೆಗೆದು ಆ ಗೆರೆ ಮೇಲೆ ಇಡಿ. ಬೆರಳು ಎಲ್ಲೂ ಹಾಸಿನ ಆಚೆ ಬರಬಾರದು, ಮುಂದೆ ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ನಿಮ್ಮದು 9ನೇ ಸೈಜ್ ಆಗಿದ್ದರೆ ನನ್ನ ಹತ್ತಿರ ಒಂದು ಹಳೇ ಜೋಡಿ ಇದೆ, ಸೋಲ್ ಇನ್ನೂ ಚೆನ್ನಾಗಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಬನ್ನಿ, ಹಾಕಿ ನಡೆದು ನೋಡಿ.

ಹುಬ್ಬಳ್ಳಿಯಿಂದ:

9ನೇ ಸೈಜೇ. ಖಂಡಿತ ಬರುತ್ತೇನೆ.

ಧಾರವಾಡದಿಂದ:

ಬನ್ನಿ ಅಣ್ಣಾ. ನಿಮ್ಮ ಶೂನೂ ಹಾಕಿಕೊಂಡೇ ಬನ್ನಿ, ಮೊದಲ ದಿನ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಮಗೆ ನನ್ನದನ್ನು ಕೊಡೋದಿಲ್ಲ.