ತಮ್ಮ ಚೀಸ್ ತಂದಿದ್ದಾನೆ, ಮನೆಮಂದಿಗೆಲ್ಲ ಹೇಗೆ ಬಡಿಸಲಿ?

ಕಲಬುರಗಿ ಅಕ್ಕ:
ನಮಸ್ಕಾರ. ನೆದರ್ಲೆಂಡ್ಸ್‌ನಲ್ಲಿರುವ ತಮ್ಮ ರಜೆಗೆ ಬರುವಾಗ ಮೂರು ಥರದ ಚೀಸ್ ತಂದಿದ್ದಾನೆ. ಹಳೆಯ ಗೌಡಾ, ಕೆಂಪು ಮೇಣ ಹಚ್ಚಿದ ಈಡಮ್, ಮತ್ತೆ ಇಟಲಿಯ ಪಾರ್ಮಿಜಾನೊ ರೆಜ್ಜಾನೊ. ಭಾನುವಾರ ಕಾಕಾ, ಕಾಕಿ, ಅವರ ಮಕ್ಕಳು, ತಮ್ಮನ ಗೆಳೆಯರು ಎಲ್ಲ ಸೇರುತ್ತೇವೆ. ನಮ್ಮದು ಲಿಂಗಾಯತರ ಮನೆ. "ಚೀಸ್‌ನಾಗ ಏನೇನೋ ಹಾಕಿರ್ತಾರಂತ, ಹೌದೇನ?" ಅಂತ ಅವ್ವ ಕೇಳುತ್ತಿದ್ದಾಳೆ. ಅವಳೂ ನಿಶ್ಚಿಂತೆಯಿಂದ ತಿನ್ನಬೇಕು ಅನ್ನೋದು ನನ್ನ ಆಸೆ. ಜೊತೆಗೆ ಏನು ಇಡಲಿ? ಬ್ರೆಡ್ ನಮ್ಮನೆಯಲ್ಲಿ ಯಾರಿಗೂ ಸೇರುವುದಿಲ್ಲ.

ಜೋಳದ ಸೀಮೆ:
ಅವ್ವಾರು ಸರಿಯಾಗೇ ಕೇಳಿದ್ದಾರೆ, ಮೊದಲು ಅದನ್ನೇ ನೋಡಿ. ಹಾಲನ್ನು ಗಟ್ಟಿ ಮಾಡಲು ರೆನೆಟ್ ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಅದು ಎಳೆಗರುವಿನ ಹೊಟ್ಟೆಯಿಂದ ಬರುತ್ತದೆ. ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ರೆನೆಟ್ಟೇ ಆಗಬೇಕು ಅಂತ ನಿಯಮವಿದೆ. ಅದು ನಿಮ್ಮ ತಟ್ಟೆಗೆ ಬೇಡ. ತಿನ್ನುವ ಗೆಳೆಯರಿದ್ದರೆ ವಿಷಯ ಹೇಳಿ ಕೊಟ್ಟುಬಿಡಿ. ಗೌಡಾ, ಈಡಮ್ ಎರಡನ್ನೂ ಈಗ ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಹಾಕಿಯೂ ಮಾಡುತ್ತಾರೆ. ನಮ್ಮ ಹಸಿರು ಚುಕ್ಕೆ ಅಲ್ಲಿನ ಪ್ಯಾಕಿನ ಮೇಲೆ ಇರುವುದಿಲ್ಲ, ಪಟ್ಟಿ ಓದಲೇಬೇಕು. ಡಚ್ ಪ್ಯಾಕಿನಲ್ಲಿ 'ಸ್ಟ್ರೆಮ್ಸೆಲ್' ಹುಡುಕಿ, ರೆನೆಟ್‌ಗೆ ಅವರ ಭಾಷೆಯಲ್ಲಿ ಹಾಗನ್ನುತ್ತಾರೆ. ಅದರ ಜೊತೆ ಮೈಕ್ರೋಬಿಯಲ್, ಅಂದರೆ ಸೂಕ್ಷ್ಮಜೀವಿಯದ್ದು, ಅಂತಿದ್ದರೆ ಧೈರ್ಯವಾಗಿ ಬಡಿಸಿ. ಸುಮ್ನೆ ಸ್ಟ್ರೆಮ್ಸೆಲ್ ಅಂತಷ್ಟೇ ಇದ್ದರೆ ಅವ್ವಾರಿಗೆ ಕೊಡಬೇಡಿ.

ಬ್ರೆಡ್ ಯಾಕೆ ಬೇಕು, ಖಡಕ್ ರೊಟ್ಟಿ ಇದೆಯಲ್ಲ! ರೊಟ್ಟಿ ಚೂರಿನ ಮೇಲೆ ಹಳೆಯ ಗೌಡಾದ ತೆಳ್ಳನೆ ಹೋಳು ಇಟ್ಟು ಕಡಿದು ನೋಡಿ. ಮೊದಲು ರೊಟ್ಟಿ ಕರಕರ ಅನ್ನುತ್ತದೆ, ಆಮೇಲೆ ಚೀಸ್‌ನೊಳಗಿನ ಬಿಳಿ ಹರಳು ಹಲ್ಲಿಗೆ ಸಿಗುತ್ತದೆ. ಅದು ಉಪ್ಪಲ್ಲ. ಚೀಸ್ ತಿಂಗಳುಗಟ್ಟಲೆ ಮಾಗುವಾಗ ಪ್ರೋಟೀನ್ ಒಡೆದು ಆಗುವ ಹರಳು. ಕೊನೆಗೆ ನಾಲಿಗೆಯ ಮೇಲೆ ಬೆಲ್ಲದ ಪಾಕದಂಥ ಸಿಹಿ ನಿಲ್ಲುತ್ತದೆ. ಈಡಮ್ ರುಚಿ ಸಪ್ಪೆ, ಅದಕ್ಕೆ ಶೇಂಗಾ ಹಿಂಡಿ ಚೆನ್ನಾಗಿ ಕೂಡುತ್ತದೆ. ಗೌಡಾಗೆ ಹಿಂಡಿ ಬೇಡವೇ ಬೇಡ, ಖಾರದಲ್ಲಿ ಅದರ ರುಚಿ ಮುಚ್ಚಿಹೋಗುತ್ತದೆ. ಮೊದಲು ಈಡಮ್ ಕೊಡಿ, ಕೊನೆಗೆ ಗೌಡಾ.

ಬೀದರ್ ಮನೆ:
ಈಡಮ್‌ನ ಮೇಣ ಸುಲಿದೇ ಇಡಿ ಅಕ್ಕಾ, ಮಕ್ಕಳು ಅದನ್ನೂ ತಿಂದುಬಿಟ್ಟಾರು. ಫ್ರಿಜ್‌ನಿಂದ ಒಂದು ತಾಸು ಮೊದಲೇ ತೆಗೆದಿಡಿ ಅಂತ ಹೇಳುತ್ತಾರಲ್ಲ, ಅದು ತಣ್ಣನೆ ಊರಿನ ಲೆಕ್ಕ. ನಮ್ಮ ಬಿಸಿಲಿಗೆ ಹತ್ತು-ಹದಿನೈದು ನಿಮಿಷ ಸಾಕು, ಜಾಸ್ತಿಯಾದರೆ ಎಣ್ಣೆ ಬಿಡುತ್ತದೆ. ಪೇರಲ ಹಣ್ಣು ಸಿಕ್ಕರೆ ಹೋಳು ಮಾಡಿ ಪಕ್ಕದಲ್ಲಿಡಿ.

ಕಲಬುರಗಿ ಅಕ್ಕ:
ಪ್ಯಾಕ್ ನೋಡಿದೆ. ಗೌಡಾ ಮೈಕ್ರೋಬಿಯಲ್! ಈಡಮ್ ಮೇಲೆ ಬರೀ ಸ್ಟ್ರೆಮ್ಸೆಲ್. ಗೌಡಾ ಅವ್ವನಿಗೂ ಆಗುತ್ತೆ ಅಂತ ಬಹಳ ಖುಷಿಯಾಯಿತು. ಉಳಿದರೆ ಹೇಗಿಡಲಿ?

ಜೋಳದ ಸೀಮೆ:
ಬಟರ್ ಪೇಪರ್‌ನಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಫ್ರಿಜ್‌ನ ತರಕಾರಿ ಖಾನೆಯಲ್ಲಿಡಿ. ಬರೀ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿದರೆ ಬೆವರುತ್ತದೆ. ಭಾನುವಾರ ಗೌಡಾಗೆ ಬೇರೆ ಚಾಕು, ಬೇರೆ ತಟ್ಟೆ ಇರಲಿ. ಅವ್ವಾರ ಕಣ್ಣೆದುರೇ ಕೊಯ್ದು ಕೊಡಿ.