ಅಳುವುದಕ್ಕೆಂದೇ ಟಿಕೆಟ್ ಕೊಳ್ಳುವವರ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಶಿರಾ ಗೇಟ್, ತುಮಕೂರು

ಕಳೆದ ಭಾನುವಾರ ನನ್ನ ಪತ್ನಿ ಹಾಗೂ ಅವರ ಅಕ್ಕನ ಒತ್ತಾಯಕ್ಕೆ ಕಟ್ಟುಬಿದ್ದು ಬಿ.ಎಚ್. ರಸ್ತೆಯ ಚಿತ್ರಮಂದಿರವೊಂದಕ್ಕೆ ಹೋಗಿದ್ದೆ. ಇಂಟರ್‌ವಲ್‌ಗೆ ಸ್ವಲ್ಪ ಮೊದಲು ಕಥೆಯೊಳಗಿನ ಮಗು ತೀರಿಕೊಂಡಿತು. ನಾನು ಎದ್ದು ಹೊರಗೆ ಬಂದು, ಚಿತ್ರ ಮುಗಿಯುವ ತನಕ ಎದುರಿನ ಅಂಗಡಿಯಲ್ಲಿ ಮೂರು ಲೋಟ ಟೀ ಕುಡಿದು ಹೊತ್ತು ಕಳೆದೆ. ಕಣ್ಣು ಊದಿಸಿಕೊಂಡು ಹೊರಬಂದ ಅವರಿಬ್ಬರೂ ಮೊದಲು ಆಡಿದ ಮಾತು "ತುಂಬಾ ಚೆನ್ನಾಗಿತ್ತು" ಎಂಬುದು. ಅತ್ತು ಅತ್ತು ಸುಸ್ತಾದವರ ಬಾಯಲ್ಲಿ ಈ ಮಾತು ಹೇಗೆ ಬರುತ್ತದೆ?

ನಾನು ವಿಮಾ ಕಚೇರಿಯೊಂದರಲ್ಲಿ ಮರಣದ ಕ್ಲೇಮುಗಳ ಮೇಜಿನಲ್ಲಿ 19 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮರಣ ಪ್ರಮಾಣಪತ್ರ ಹಿಡಿದು ಬರುವವರ ಮುಖಗಳನ್ನು ವಾರವಿಡೀ ನೋಡಿದ ಮೇಲೆ, ರಜೆಯ ದಿನವೂ ಅದನ್ನೇ ದುಡ್ಡು ಕೊಟ್ಟು ನೋಡಬೇಕೇ? ನಾನು ಅರಸಿಕನೆಂದು ಮನೆಯಲ್ಲಿ ಈಗಾಗಲೇ ತೀರ್ಮಾನವಾಗಿದೆ. ತಿಳಿದವರು ಹೇಳಬೇಕು.

ಉತ್ತರ 1: ತಿಪಟೂರಿನ ನಿವೃತ್ತ ಕನ್ನಡ ಅಧ್ಯಾಪಕ

ಮಾನ್ಯರೇ, ಇದು ಅರಸಿಕರ ಪ್ರಶ್ನೆಯಲ್ಲ. ನಮ್ಮ ಆಲಂಕಾರಿಕರು, ಎಂದರೆ ಹಳೆಯ ಕಾವ್ಯಶಾಸ್ತ್ರಕಾರರು, ಶತಮಾನಗಳ ಕಾಲ ವಾದಿಸಿದ ಪ್ರಶ್ನೆ. ಆ ವಾದಗಳನ್ನು ಕನ್ನಡದಲ್ಲಿ ತಿಳಿಯಾಗಿ ವಿವರಿಸಿದ ತೀ.ನಂ. ಶ್ರೀಕಂಠಯ್ಯನವರು ನಮ್ಮ ಜಿಲ್ಲೆಯ ತೀರ್ಥಪುರದವರು. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ರಸವನ್ನು, ಎಂದರೆ ಕಲೆಯಿಂದ ನೋಡುವವರಿಗೆ ಒದಗುವ ಸವಿಯನ್ನು, ಕುರಿತ ಭಾಗವನ್ನು ಬಿಡುವಾದಾಗ ಓದಿ.

‘ನಾಟ್ಯಶಾಸ್ತ್ರ’ದ ಭರತನು ಇಲ್ಲಿನ ಸ್ಥಾಯಿಭಾವವನ್ನು (ಮನಸ್ಸಿನಲ್ಲಿ ನೆಲೆನಿಂತ ಮೂಲಭಾವವನ್ನು) ‘ಶೋಕ’ ಎಂದೂ ಅದರಿಂದ ಹುಟ್ಟುವ ರಸವನ್ನು ‘ಕರುಣ’ ಎಂದೂ ಬೇರೆ ಬೇರೆ ಹೆಸರಿನಿಂದ ಕರೆದದ್ದು ಸುಮ್ಮನೆ ಅಲ್ಲ. ಶೋಕವು ಮಗುವನ್ನು ಕಳೆದುಕೊಂಡ ತಾಯಿಯದು, ಕರುಣವು ಅವಳನ್ನು ನೋಡುತ್ತ ಕುಳಿತವರದು. ನೋಡುವವನಿಗೆ ಆ ದುಃಖವು ‘ನನ್ನದು’ ಎಂದೂ ಅನ್ನಿಸದೆ, ‘ಯಾರದೋ, ನನಗೇಕೆ’ ಎಂದೂ ಅನ್ನಿಸದೆ, ಎಲ್ಲರಿಗೂ ಸೇರಿದ್ದಾಗಿ ತೋರುವ ಸ್ಥಿತಿಗೆ ಸಾಧಾರಣೀಕರಣವೆಂದು ಹೆಸರು. 14ನೆಯ ಶತಮಾನದ ವಿಶ್ವನಾಥನಂತೂ ‘ಸಾಹಿತ್ಯದರ್ಪಣ’ದಲ್ಲಿ, ಕರುಣದಲ್ಲಿಯೂ ಸುಖವಿದೆಯೆಂಬುದಕ್ಕೆ ಸಹೃದಯರ (ಕಾವ್ಯದ ಸವಿ ಬಲ್ಲವರ) ಅನುಭವವೇ ಪ್ರಮಾಣ, ಅದು ಬರಿಯ ದುಃಖವಾಗಿದ್ದರೆ ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ ಎಂದುಬಿಡುತ್ತಾನೆ. ನಿಮ್ಮ ಮನೆಯವರು ಹೇಳಿದ "ಚೆನ್ನಾಗಿತ್ತು" ಎಂಬುದನ್ನು ಅವನು ಸಾಕ್ಷ್ಯವಾಗಿ ಒಪ್ಪಿಕೊಳ್ಳುತ್ತಿದ್ದ.

ನಿಮ್ಮ ಕಚೇರಿಗೆ ಬರುವ ದುಃಖವು ನಿಮ್ಮಿಂದ ಏನನ್ನಾದರೂ ಬೇಡುತ್ತದೆ: ಒಂದು ಸಹಿ, ಒಂದು ಉತ್ತರ, ಇಲ್ಲವೇ "ಈ ದಾಖಲೆ ಸಾಲದು" ಎಂಬ ಕಠಿಣ ಮಾತು. ತೆರೆಯ ಮೇಲಿನ ದುಃಖ ನಿಮ್ಮಿಂದ ಏನನ್ನೂ ಬೇಡುವುದಿಲ್ಲ. ಬಹುಶಃ ನಿಮಗೆ ಈ ಎರಡನ್ನು ಬೇರೆ ಮಾಡಿ ನೋಡುವುದು ಕಷ್ಟವಾಗಿದೆ; ಅದರಲ್ಲಿ ನಿಮ್ಮ ತಪ್ಪೇನಿಲ್ಲ.

ಇನ್ನೊಂದು ಮಾತು. ಕನ್ನಡಕ್ಕೆ ‘ರುದ್ರನಾಟಕ’ದ (ಟ್ರಾಜಿಡಿಯ) ರುಚಿ ಹತ್ತಿಸಿದ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದೂ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ (1926) ಕಟ್ಟಿದರು. ಸೊಫೊಕ್ಲೀಸನ ಗ್ರೀಕ್ ನಾಟಕವೊಂದನ್ನು ಆಧರಿಸಿ ‘ಅಶ್ವತ್ಥಾಮನ್’ (1929) ಬರೆದರು. ಅಳಿಸುವ ವಿದ್ಯೆಯಲ್ಲಿ ನಮ್ಮ ಜಿಲ್ಲೆ ಹಿಂದೆ ಬಿದ್ದಿಲ್ಲ!

ಉತ್ತರ 2: ಕುಣಿಗಲ್ ತಾಲ್ಲೂಕು

ನಾನು ಹಳ್ಳಿಯ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವನು. ಶಾಸ್ತ್ರ ನನಗೆ ತಿಳಿಯದು, ಕಂಡದ್ದನ್ನು ಹೇಳುತ್ತೇನೆ. ಹರಿಶ್ಚಂದ್ರ ನಾಟಕದಲ್ಲಿ ಸತ್ತ ಲೋಹಿತಾಶ್ವನನ್ನು ಮಡಿಲಲ್ಲಿ ಹಾಕಿಕೊಂಡು ಚಂದ್ರಮತಿ ಹಾಡುತ್ತಾಳೆ. ಬೆಳಗಿನ ಜಾವ ಮೂರು ಗಂಟೆಗೆ ಕಂಬಳಿ ಹೊದ್ದು ಕುಳಿತ ಜನರೆಲ್ಲ ಅಳುತ್ತಿರುತ್ತಾರೆ. ಹಾಡು ಮುಗಿದ ಕೂಡಲೇ ಅದೇ ಜನ ಮೂಗು ಒರೆಸಿಕೊಳ್ಳುತ್ತ "ಒನ್ಸ್ ಮೋರ್" ಎಂದು ಕೂಗುತ್ತಾರೆ. ತಾಯಿ ಮತ್ತೆ ಮೊದಲಿನಿಂದ ಅಳಬೇಕು, ನಾನು ಮತ್ತೆ ಶ್ರುತಿ ಹಿಡಿಯಬೇಕು. ಒಮ್ಮೆ ಸತ್ತು ಮಲಗಿದ್ದ ಹುಡುಗ ಸೊಳ್ಳೆ ಕಚ್ಚಿತೆಂದು ಕಾಲು ಕೆರೆದುಕೊಂಡ. ಎಲ್ಲರೂ ನೋಡಿದರು, ಯಾರ ಅಳುವೂ ನಿಲ್ಲಲಿಲ್ಲ. ಹುಡುಗ ಬದುಕಿದ್ದಾನೆಂದು ಗೊತ್ತಿರುವುದರಿಂದಲೇ ಅವರು ಅಷ್ಟು ಧಾರಾಳವಾಗಿ ಅಳುತ್ತಾರೆ ಎಂದು ನನಗೆ ಅನ್ನಿಸಿದೆ.

ಉತ್ತರ 3: ಗುಬ್ಬಿ

ಮೊದಲ ಉತ್ತರ ಬರೆದ ಗುರುಗಳು ಒಂದು ಪಕ್ಷವನ್ನಷ್ಟೇ ಮುಂದಿಟ್ಟಿದ್ದಾರೆ. 12ನೆಯ ಶತಮಾನದ ಗುಜರಾತಿನಲ್ಲಿ ಜೈನ ವಿದ್ವಾಂಸ ಹೇಮಚಂದ್ರನ ಶಿಷ್ಯರಾದ ರಾಮಚಂದ್ರ ಮತ್ತು ಗುಣಚಂದ್ರರು ‘ನಾಟ್ಯದರ್ಪಣ’ದಲ್ಲಿ ಕರುಣದಲ್ಲಿಯೂ ಸುಖವೇ ಇದೆಯೆಂಬ ವಾದಕ್ಕೆ ನೇರವಾಗಿ ಎದುರು ನಿಂತರು. ಕರುಣ, ರೌದ್ರ, ಬೀಭತ್ಸ, ಭಯಾನಕಗಳು ದುಃಖವೇ, ಅವುಗಳಿಂದ ಪ್ರೇಕ್ಷಕ ನಿಜವಾಗಿಯೂ ಉದ್ವೇಗಗೊಳ್ಳುತ್ತಾನೆ ಎಂಬುದು ಅವರ ನಿಲುವು. ಹಾಗಾದರೆ ಜನ ನೋಡುವುದೇಕೆ? ಕವಿಯ ಮತ್ತು ನಟನ ಕೌಶಲಕ್ಕೆ ಬೆರಗಾಗಿ. ತಲೆ ಕತ್ತರಿಸುವ ವೈರಿಯ ಏಟಿನ ಚಾತುರ್ಯಕ್ಕೆ ವೀರನೂ ಬೆರಗಾಗುವಂತೆ. ಇನ್ನೊಂದು ಹೋಲಿಕೆ ನಮ್ಮ ನಾಲಿಗೆಗೇ ಗೊತ್ತಿರುವಂಥದು: ಖಾರ ಬೆರೆತಾಗ ಪಾನಕದ ಸಿಹಿ ಹೆಚ್ಚುತ್ತದೆ. ರಾಮನವಮಿಯ ಪಾನಕಕ್ಕೆ ಮೆಣಸು ಹಾಕದಿದ್ದರೆ ಅದು ಬರಿಯ ಬೆಲ್ಲದ ನೀರು. ಆದರೆ ಪಾನಕದಲ್ಲಿ ಮೆಣಸನ್ನೇ ತುಂಬಿ ಕೊಡುವ ನಿರ್ದೇಶಕರೂ ಇದ್ದಾರೆ. ಮಗುವನ್ನು ಕೊಲ್ಲುವುದು ಚಿತ್ರಕಥೆಯಲ್ಲಿ ಅತ್ಯಂತ ಅಗ್ಗದ ಉಪಾಯ. ಎದ್ದು ಹೋದ ನಿಮ್ಮನ್ನು ನಾನು ದೂರುವುದಿಲ್ಲ.

ಹೊಸ ಕಾಲದ ಒಂದು ಪ್ರಯೋಗವನ್ನೂ ಹೇಳಬೇಕು. 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಸಂಶೋಧಕರ ಅಧ್ಯಯನದಲ್ಲಿ 60 ಮಂದಿಗೆ ದುಃಖದ ಚಿತ್ರ ತೋರಿಸಿದರು. ಅತ್ತವರ ಮನಸ್ಸು ಚಿತ್ರ ಮುಗಿದ ಕೂಡಲೇ ಕುಗ್ಗಿತ್ತು, 20 ನಿಮಿಷಗಳಲ್ಲಿ ಮೊದಲಿನ ಸ್ಥಿತಿಗೆ ಬಂತು, 90 ನಿಮಿಷಗಳ ಹೊತ್ತಿಗೆ ಚಿತ್ರಕ್ಕೆ ಮುಂಚೆ ಇದ್ದುದಕ್ಕಿಂತ ಹಗುರವಾಗಿತ್ತು. ಅಳದವರಲ್ಲಿ ಅಂಥ ಏರಿಳಿತ ಕಾಣಲಿಲ್ಲ. ನಿಮ್ಮ ಮನೆಯವರು ಅಂದು ರಾತ್ರಿ ಹೇಗಿದ್ದರು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಗುಬ್ಬಿಯವರ ಲೆಕ್ಕ ಸರಿಯಾಗಿದೆ: ಚಿತ್ರಮಂದಿರದಿಂದ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುವ ಹೊತ್ತಿಗೆ ಅವರಿಬ್ಬರೂ ನಗುನಗುತ್ತಿದ್ದರು, ಮುಖ ಬಾಡಿದ್ದವನು ನಾನೊಬ್ಬನೇ. ತಿಪಟೂರಿನ ಗುರುಗಳು ಹೇಳಿದ ಶೋಕ ಮತ್ತು ಕರುಣದ ವ್ಯತ್ಯಾಸವನ್ನು ನಿನ್ನೆ ಊಟದ ಹೊತ್ತಿನಲ್ಲಿ ಪತ್ನಿಗೆ ಓದಿ ಹೇಳಿದೆ. ಅವರು ಅದನ್ನು ಪೂರ್ತಿ ಕೇಳಿಸಿಕೊಂಡು, "ನೀವು ಅರ್ಧಕ್ಕೇ ಎದ್ದು ಹೋದಿರಿ, ನಿಮಗೆ ಗೊತ್ತಿರುವುದು ಮಗು ಸತ್ತದ್ದಷ್ಟೇ. ಆಮೇಲೆ ಆ ತಾಯಿ ಏನು ಮಾಡಿದಳು ಎಂಬುದನ್ನು ನೋಡಿದವರು ನಾವು" ಎಂದರು.

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕಚೇರಿಯಲ್ಲಿಯೂ ಹಣ ಪಾವತಿಯಾದ ದಿನ ಕಡತ ಮುಚ್ಚುತ್ತದೆ. ಬಂದವರು ಆಮೇಲೆ ಹೇಗೆ ಬದುಕಿದರೆಂಬುದು 19 ವರ್ಷಗಳಲ್ಲಿ ಒಂದು ಸಲವೂ ನನ್ನ ಮೇಜಿಗೆ ಬಂದಿಲ್ಲ. ದುಃಖದ ಸಿನಿಮಾ ನನಗೆ ಈಗಲೂ ಇಷ್ಟವಿಲ್ಲ. ಬರುವ ಭಾನುವಾರ ಅಂಥದ್ದೇ ಇನ್ನೊಂದಕ್ಕೆ ಟಿಕೆಟ್ ತೆಗೆಸಿದ್ದಾರೆ. ಬಾಗಿಲ ಪಕ್ಕದ ಸೀಟು ಕೇಳಿದ್ದೇನೆ.