ದಿನವೂ ನಡೆದರೂ ತೊಡೆಯ ಬಲ ಕುಂದುವುದೇಕೆ?

ಮಾಟುಂಗಾ ನಿವಾಸಿ:
ನನಗೀಗ 67 ವರ್ಷ. ಬೆಳಿಗ್ಗೆ ಫೈವ್ ಗಾರ್ಡನ್ಸ್ ಸುತ್ತ ಒಂದು ಗಂಟೆ ನಡೆಯುವುದನ್ನು ವರ್ಷಗಳಿಂದ ತಪ್ಪಿಸಿದವನಲ್ಲ. ಆದರೂ ಈಚೆಗೆ ಪೂಜೆ ಮುಗಿಸಿ ನೆಲದಿಂದ ಏಳಲು ಗೋಡೆ ಹಿಡಿಯಬೇಕಾಗಿದೆ. ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಉಸಿರಿಗಿಂತ ಮೊದಲು ತೊಡೆ ಸೋಲುತ್ತದೆ. ತೂಕ ಮಾತ್ರ ಇಳಿದಿಲ್ಲ. ನಡಿಗೆಯೊಂದೇ ಸಾಲದೇ? ಈ ವಯಸ್ಸಿನಲ್ಲಿ ಭಾರ ಎತ್ತಬಹುದೇ?

ಠಾಣೆಯ ಫಿಸಿಯೋಥೆರಪಿಸ್ಟ್:
ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಸ್ನಾಯುವಿನಲ್ಲಿ ನಿಧಾನವಾಗಿ ದುಡಿಯುವ ಎಳೆಗಳೂ ಥಟ್ಟನೆ ಬಲ ಹಾಕುವ ಎಳೆಗಳೂ ಇದ್ದು, ವಯಸ್ಸಾದಂತೆ ಹೆಚ್ಚು ಸೊರಗುವುದು ಎರಡನೆಯ ಬಗೆಯವು; ಸಮತಟ್ಟು ನೆಲದ ನಡಿಗೆಯಲ್ಲಿ ಅವುಗಳಿಗೆ ಕೆಲಸ ಕಡಿಮೆ. ಬೆನ್ನುಹುರಿಯಿಂದ ಈ ಎಳೆಗಳಿಗೆ ಸಂದೇಶ ಒಯ್ಯುವ ನರಕೋಶಗಳಲ್ಲಿಯೂ ಕೆಲವು ಸಾಯುತ್ತವೆ. ಆಗ ದಿಕ್ಕಿಲ್ಲದಂತಾದ ಎಳೆಗಳಲ್ಲಿ ಕೆಲವನ್ನು ಪಕ್ಕದ ನರ ವಹಿಸಿಕೊಳ್ಳುತ್ತದೆ, ಉಳಿದವು ನಶಿಸುತ್ತವೆ. ಸ್ನಾಯು ಕರಗಿದಷ್ಟೇ ಕೊಬ್ಬು ಸೇರಿದರೆ ತಕ್ಕಡಿಗೆ ನಷ್ಟ ತಿಳಿಯುವುದಿಲ್ಲ. ವಯಸ್ಸಿನೊಂದಿಗೆ ಬರುವ ಈ ಸ್ನಾಯುಕ್ಷಯಕ್ಕೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ‘ಸಾರ್ಕೊಪೀನಿಯಾ’ ಎಂಬ ಹೆಸರು ಸೂಚಿಸಿದರು.

ಭಾರ ಎತ್ತಬಹುದು, ಎತ್ತಲೇಬೇಕು ಎನ್ನುತ್ತೇನೆ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ, ಆರೈಕೆ ಕೇಂದ್ರದಲ್ಲಿದ್ದ 90 ವರ್ಷದ ಆಸುಪಾಸಿನ ವೃದ್ಧರು 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದಾಗ ಬಲ ಸರಾಸರಿ 174% ಹೆಚ್ಚಿತು. ತೊಡೆಯ ಸ್ನಾಯು ಬೆಳೆದದ್ದು ಸುಮಾರು 9% ಮಾತ್ರ. ಅಂದರೆ ಮೊದಲು ಕಲಿತುಕೊಳ್ಳುವುದು ನರಗಳು. 65 ದಾಟಿದವರು ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ, 3 ದಿನ ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ರಕ್ತದೊತ್ತಡವೋ ಹೃದ್ರೋಗವೋ ಇದ್ದರೆ ವೈದ್ಯರನ್ನು ಕೇಳಿ ಆರಂಭಿಸಿ. ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ.

ಡೊಂಬಿವಲಿಯಿಂದ:
ಊಟದ ಮಾತೂ ಇರಲಿ. ಎರಡು ಹೊತ್ತು ಅನ್ನ, ತಿಳಿಸಾರು ಉಂಡು ವ್ಯಾಯಾಮದ ಫಲ ಬಯಸಿದ ತಪ್ಪನ್ನು ನಾನೂ ಮಾಡಿದ್ದೇನೆ. ಇಳಿವಯಸ್ಸಿನವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ನಾನು ಗಟ್ಟಿ ತೊವ್ವೆ, ಉಸುಳಿ, ಮೊಸರು ಹೆಚ್ಚಿಸಿದೆ.

ಠಾಣೆಯ ಫಿಸಿಯೋಥೆರಪಿಸ್ಟ್:
ಸರಿಯಾದ ಮಾತು. ಮಾಟುಂಗಾದವರು ಒಮ್ಮೆ ಎದೆಯ ಮೇಲೆ ಕೈಕಟ್ಟಿ, ಕುರ್ಚಿಯಿಂದ 5 ಸಲ ಎದ್ದು ಕುಳಿತು ಸಮಯ ನೋಡಲಿ. ಏಷ್ಯಾದ ತಜ್ಞರ 2019ರ ಮಾನದಂಡದಂತೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ತಪಾಸಣೆ ಅಗತ್ಯ.

ಮಾಟುಂಗಾ ನಿವಾಸಿ:
ಈಗಷ್ಟೇ ನೋಡಿದೆ, 14 ಸೆಕೆಂಡು. ನಾಲ್ಕನೆಯ ಸಲಕ್ಕೇ ಕೈ ತಾನಾಗಿ ಕುರ್ಚಿಯ ತೋಳಿನತ್ತ ಹೋಯಿತು. ಈ ವಾರವೇ ವೈದ್ಯರನ್ನು ಕಾಣುತ್ತೇನೆ.